ದಾವೀದ ತಪ್ಪು ಮಾಡಿದ್ದನಲ್ಲ ಮಿಸ್?

ಪ್ರಶ್ನೆ: ನಾನು ಪ್ರೌಢಶಾಲೆಯ ಭಾಷಾ ಶಿಕ್ಷಕಿ. ಈ ವರ್ಷ ಎಂಟು ಮತ್ತು ಒಂಬತ್ತನೇ ತರಗತಿಯ ಮೌಲ್ಯಶಿಕ್ಷಣದ ಪಿರಿಯಡ್ಡೂ ನನಗೇ ಬಂದಿದೆ. ಬೈಬಲ್‌ನ ವ್ಯಕ್ತಿಗಳ ಮೂಲಕ ನಾಯಕತ್ವ ಕಲಿಸಬೇಕು ಎಂದು ಆಡಳಿತ ಮಂಡಳಿ ಹೇಳಿದೆ. ಹನ್ನೆರಡು ಪಿರಿಯಡ್‌ಗೆ ಹನ್ನೆರಡು ಜನರನ್ನು ಆರಿಸಿಕೊಂಡೆ: ಯೋಸೇಫ, ಮೋಶೆ, ದಾವೀದ, ಅಬ್ರಹಾಮ, ಯೆಹೋಶುವ, ಗಿದ್ಯೋನ, ಸಮುವೇಲ, ಸೊಲೊಮೋನ, ದಾನಿಯೇಲ, ನೆಹೆಮೀಯ, ಪೇತ್ರ, ಪೌಲ. ಮೊದಲ ಮೂವರು ಮುಗಿದಿದ್ದಾರೆ. ಕಥೆ ಹೇಳಿ, ಬೋರ್ಡ್ ಮೇಲೆ ಐದು ಗುಣ ಬರೆಸುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ, ತೂಕಡಿಸುತ್ತಾರೆ. ಕಳೆದ ವಾರ ಒಬ್ಬಳು ಎದ್ದು, ‘ದಾವೀದ ಇನ್ನೊಬ್ಬರ ಹೆಂಡತಿಯನ್ನು ಕರೆಸಿಕೊಂಡು, ಅವಳ ಗಂಡನನ್ನು ಸಾಯಿಸಿದ್ದನಲ್ಲ ಮಿಸ್? ಅವನು ಹೇಗೆ ಒಳ್ಳೆಯ ನಾಯಕ?’ ಎಂದಳು. ‘ಅದು ಈ ಪಾಠದಲ್ಲಿ ಇಲ್ಲ, ಕೂತ್ಕೋ’ ಎಂದುಬಿಟ್ಟೆ. ಮನೆಗೆ ಬಂದ ಮೇಲೆ ಬೇಜಾರಾಯಿತು. ಅದೇ ವಾರ ಒಬ್ಬ ತಂದೆ ಬಂದು, ‘ಇದು ಪಾಠವಾ, ಮತಪ್ರಚಾರವಾ?’ ಎಂದು ಕೇಳಿದರು. ನನ್ನ ತರಗತಿಯಲ್ಲಿ ಎಲ್ಲ ಮತದ ಮಕ್ಕಳೂ ಇದ್ದಾರೆ. ಉಳಿದ ಒಂಬತ್ತು ಪಿರಿಯಡ್ ಹೇಗೆ ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ. ಮಕ್ಕಳು ಯಾಕೆ ತೂಕಡಿಸುತ್ತಾರೆ, ಆ ಹುಡುಗಿಗೆ ಏನು ಹೇಳಬೇಕು, ಆ ತಂದೆಗೆ ಏನು ಹೇಳಬೇಕು. ನನಗೆ ಕಾಣುವಂತೆ ಮೂರಕ್ಕೂ ಬೇರು ಒಂದೇ. ನೀವು ಮನುಷ್ಯರನ್ನು ಇಡಿಯಾಗಿ ಪಾಠ ಮಾಡಲು ಹೊರಟಿದ್ದೀರಿ. ನಲವತ್ತು ನಿಮಿಷದಲ್ಲಿ ಒಬ್ಬನ ಇಡೀ ಬದುಕು ಹಿಡಿಯುವುದಿಲ್ಲ. ಹಾಗಾಗಿ ಹಿಡಿಯದ ಭಾಗವನ್ನೆಲ್ಲ ಕತ್ತರಿಸಿ, ಉಳಿದದ್ದಕ್ಕೆ ಐದು ಗುಣದ ಚೀಟಿ ಅಂಟಿಸುತ್ತೀರಿ. ಬೋರ್ಡ್ ಮೇಲೆ ಉಳಿಯುವುದು ಧೈರ್ಯ, ನಂಬಿಕೆ, ತಾಳ್ಮೆ, ವಿನಯ, ಸೇವೆ. ಈ ಐದು ಯಾರಿಗೆ ತಾನೇ ಅಂಟುವುದಿಲ್ಲ ಹೇಳಿ? ಮೋಶೆಯ ಹೆಸರು ಅಳಿಸಿ ಪೌಲ ಎಂದು ಬರೆದರೂ ನಡೆಯುತ್ತದೆ. ಮಕ್ಕಳಿಗೆ ಅದು ಗೊತ್ತಾಗುತ್ತದೆ. ತೂಕಡಿಸುವುದು ಅದಕ್ಕೇ.

ನಾನೂ ಇದೇ ದಾರಿಯಲ್ಲಿ ಬಂದವನು. ಮೊದಲ ಕೆಲವು ವರ್ಷ ‘ಮೋಶೆಯ ಹತ್ತು ಗುಣಗಳು’ ಎಂದು ಚಾರ್ಟ್ ಮಾಡಿಸುತ್ತಿದ್ದೆ. ಚಾರ್ಟ್‌ಗಳು ಗೋಡೆ ಮೇಲೆ ಚೆನ್ನಾಗಿ ಕಾಣುತ್ತಿದ್ದವು. ಒಂದು ದಿನ ಅದೇ ಗೋಡೆಯ ಕೆಳಗೆ ನಮ್ಮ ಕ್ಲಾಸ್ ಲೀಡರ್ ಒಬ್ಬ ಪುಟ್ಟ ಹುಡುಗನ ಕಿವಿ ಹಿಂಡುತ್ತಾ ನಿಂತಿದ್ದ. ‘ವಿನಯ’ ಎಂಬ ಪದಕ್ಕೆ ಬಣ್ಣ ತುಂಬಿದವನೇ ಅವನು.

ಒಳ್ಳೆಯ ಕಥೆ ಕೇಳಿದರೆ ಮಕ್ಕಳು ತಾವಾಗಿಯೇ ಹಾಗೆ ಆಗುತ್ತಾರೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಈ ನಂಬಿಕೆಗೆ ತಣ್ಣೀರು ಎರಚುವ ಒಂದು ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಿನ್ಸ್‌ಟನ್‌ನಲ್ಲಿ ದೇವತಾಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಆರಿಸಿಕೊಂಡರು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಬೇಕು, ಅಷ್ಟೇ ಕೆಲಸ. ಕೆಲವರ ಭಾಷಣದ ವಿಷಯ ಒಳ್ಳೆಯ ಸಮಾರ್ಯದವನ ಕಥೆ. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಯಾಜಕನೂ ದೇವಾಲಯದ ಸೇವೆ ಮಾಡುವ ಲೇವಿಯನೂ ದಾಟಿಕೊಂಡು ಹೋದಾಗ, ನಿಂತು ಎತ್ತಿದ ಪರಜಾತಿಯವನ ಕಥೆ ಅದು. ಉಳಿದವರಿಗೆ ಬೇರೆ ವಿಷಯ. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು, ಕೆಮ್ಮುತ್ತಾ ನರಳುತ್ತಾ ಇರುವ ಹಾಗೆ ಏರ್ಪಾಡು ಮಾಡಿದ್ದರು. ಯಾರು ನಿಲ್ಲುತ್ತಾರೆ ನೋಡೋಣ ಅಂತ. ತಲೆಯಲ್ಲಿ ಯಾವ ಕಥೆ ಇತ್ತು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ವ್ಯತ್ಯಾಸ ಮಾಡಿದ್ದು ಅವಸರ. ಆರಾಮಾಗಿ ಹೊರಟವರಲ್ಲಿ ನೂರಕ್ಕೆ 63 ಮಂದಿ ಸಹಾಯಕ್ಕೆ ನಿಂತರು. ‘ಹೊತ್ತಾಯಿತು, ಓಡು’ ಎಂದು ಕಳಿಸಿದವರಲ್ಲಿ ನೂರಕ್ಕೆ 10. ಆ ಕಥೆಯನ್ನೇ ಹೇಳಲು ಹೊರಟವರೂ ಬಿದ್ದವನನ್ನು ದಾಟಿಕೊಂಡು ಹೋದರು.

ಕಥೆ ದಂಡ ಅಂತ ನಾನು ಹೇಳುತ್ತಿಲ್ಲ. ಕಥೆಯ ಒಳಗಿನ ಒತ್ತಡ ಮಗುವಿಗೆ ಅನುಭವಕ್ಕೆ ಬರದಿದ್ದರೆ ಅದು ಬರೀ ಮಾಹಿತಿ. ಅವಸರ, ಹೆದರಿಕೆ, ಗೆಳೆಯರ ಮುಂದೆ ಮರ್ಯಾದೆ, ಸಿಟ್ಟು. ನಾಯಕತ್ವ ಕೆಡುವುದು ಇಂಥ ಕಡೆ. ಬೈಬಲ್‌ನಲ್ಲಿ ಇವೆಲ್ಲ ಧಾರಾಳವಾಗಿ ಇವೆ. ನಾವು ಗುಣದ ಪಟ್ಟಿ ಮಾಡುವಾಗ ಮೊದಲು ಕಿತ್ತು ಬಿಸಾಡುವುದು ಇವನ್ನೇ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೈಬಲ್‌ನ ವ್ಯಕ್ತಿಗಳೆಲ್ಲ ಆದರ್ಶ ಪುರುಷರು ಅಂತ. ಆ ಪುಸ್ತಕವೇ ಹಾಗೆ ಹೇಳುವುದಿಲ್ಲ. ಯೋಸೇಫ ಹದಿನೇಳರ ಹುಡುಗನಾಗಿ ಮೊದಲು ಕಾಣಿಸಿಕೊಳ್ಳುವಾಗಲೇ ಅಣ್ಣಂದಿರ ಮೇಲೆ ಅಪ್ಪನ ಹತ್ತಿರ ಚಾಡಿ ಹೇಳುತ್ತಿರುತ್ತಾನೆ. ಮೋಶೆ ಒಬ್ಬನನ್ನು ಕೊಂದು ಮರಳಲ್ಲಿ ಹೂತು ಓಡಿಹೋದವನು. ‘ನನಗೆ ಸರಿಯಾಗಿ ಮಾತು ಬರುವುದಿಲ್ಲ, ಬೇರೆ ಯಾರನ್ನಾದರೂ ಕಳಿಸು’ ಎಂದು ದೇವರ ಹತ್ತಿರವೇ ಜಾರಿಕೊಳ್ಳಲು ನೋಡಿದವನು. ಪೇತ್ರ ತನ್ನ ಗುರು ಯೇಸುವಿನ ಬಗ್ಗೆ ಒಂದೇ ರಾತ್ರಿಯಲ್ಲಿ ಮೂರು ಸಲ ‘ಅವನು ಯಾರೋ ನನಗೆ ಗೊತ್ತೇ ಇಲ್ಲ’ ಎಂದ. ಬರೆದವರು ಇದನ್ನೆಲ್ಲ ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ನಾವು ಯಾಕೆ ಮುಚ್ಚಬೇಕು?

ಈಗ ನಾನು ಮಾಡುವ ವಿಧಾನ ಹೇಳುತ್ತೇನೆ. ಒಬ್ಬ ವ್ಯಕ್ತಿಯ ಬದುಕಿನಲ್ಲಿ ಒಂದು ತೀರ್ಮಾನದ ಗಳಿಗೆ ಆರಿಸಿಕೊಳ್ಳಿ. ಅಲ್ಲಿಯವರೆಗೆ ಕಥೆ ಹೇಳಿ. ತೀರ್ಮಾನಕ್ಕೆ ಒಂದು ಹೆಜ್ಜೆ ಮುಂಚೆ ನಿಲ್ಲಿಸಿ. ‘ನೀವಾಗಿದ್ದರೆ?’ ಎಂದು ಕೇಳಿ ಸುಮ್ನೆ ನಿಂತುಬಿಡಿ. ನಿಲ್ಲುವುದೇ ಕಷ್ಟ. ಐದು ಸೆಕೆಂಡಿಗೆ ನಮಗೆ ಉತ್ತರ ಹೇಳಿಬಿಡುವ ಆಸೆ ಬರುತ್ತದೆ. ತಡೆದುಕೊಳ್ಳಿ. ಮಕ್ಕಳು ಜಗಳಾಡಲಿ. ಆಮೇಲೆ ಅವನು ನಿಜಕ್ಕೂ ಏನು ಮಾಡಿದ, ಅದರಿಂದ ಏನಾಯಿತು ಎಂದು ಓದಿ. ಗುಣದ ಹೆಸರನ್ನು ಬೋರ್ಡ್ ಮೇಲೆ ಬರೆಯಬೇಡಿ.

ರೆಹಬ್ಬಾಮನಿಂದ ಶುರುಮಾಡಿ. ನಿಮ್ಮ ಪಟ್ಟಿಯಲ್ಲಿ ಅವನಿಲ್ಲ. ಯಾರ ಪಟ್ಟಿಯಲ್ಲೂ ಇರುವುದಿಲ್ಲ, ಸೋತವನಲ್ಲವಾ! ಅಪ್ಪ ಸೊಲೊಮೋನ ಸತ್ತಿದ್ದಾನೆ. ಜನ ಶೆಕೆಮ್‌ನಲ್ಲಿ ಸೇರಿ ಹೊಸ ಅರಸನನ್ನು ಕೇಳುತ್ತಾರೆ: ‘ನಿಮ್ಮಪ್ಪ ನಮ್ಮ ಮೇಲೆ ಭಾರದ ನೊಗ ಹೊರಿಸಿದ. ನೀನು ಸ್ವಲ್ಪ ಇಳಿಸು, ನಿನಗೆ ದುಡಿಯುತ್ತೇವೆ.’ ಅವನು ಮೂರು ದಿನ ಸಮಯ ಕೇಳುತ್ತಾನೆ. ಇಲ್ಲಿಯವರೆಗೆ ಎಲ್ಲ ಸರಿ. ಅಪ್ಪನ ಕಾಲದ ಹಿರಿಯರು, ‘ಇವತ್ತು ನೀನು ಇವರ ಸೇವಕನಾದರೆ ಇವರು ಯಾವಾಗಲೂ ನಿನ್ನವರು’ ಎನ್ನುತ್ತಾರೆ. ಜೊತೆಯಲ್ಲಿ ಬೆಳೆದ ಗೆಳೆಯರು, ‘ನನ್ನ ಕಿರುಬೆರಳು ಅಪ್ಪನ ಸೊಂಟಕ್ಕಿಂತ ದಪ್ಪ ಅಂತ ಹೇಳು’ ಎನ್ನುತ್ತಾರೆ. ಇಲ್ಲಿ ನಿಲ್ಲಿಸಿ.

ಮಕ್ಕಳು ‘ಹಿರಿಯರ ಮಾತು ಕೇಳಬೇಕು’ ಎಂದು ಕೂಡಲೇ ಹೇಳುತ್ತಾರೆ. ಅದು ನಿಮ್ಮನ್ನು ಖುಷಿಪಡಿಸಲು ಕೊಡುವ ಉತ್ತರ. ನಂಬಬೇಡಿ. ಮುಂದೆ ಕೇಳಿ: ಗೆಳೆಯರು ಯಾಕೆ ಹಾಗೆ ಹೇಳಿರಬಹುದು? ಅವರಿಗೇನು ಲಾಭ? ಮೊದಲ ದಿನವೇ ಬಗ್ಗಿದರೆ ಜನ ತಲೆ ಮೇಲೆ ಕೂರುತ್ತಾರೆ ಎಂಬ ಹೆದರಿಕೆ ಸುಳ್ಳಾ? ಆಗ ನಿಜವಾದ ಮಾತು ಹೊರಬರುತ್ತದೆ. ಆಟದ ತಂಡದ ಕ್ಯಾಪ್ಟನ್ ಆದವಳು, ಮಾನಿಟರ್ ಆದವನು, ತಮ್ಮ ತಮ್ಮ ಮೊದಲ ದಿನದ ಕಥೆ ತೆಗೆಯುತ್ತಾರೆ. ಆಮೇಲೆ ಓದಿ. ‘ಅಪ್ಪ ಚಾಟಿಯಿಂದ ಹೊಡೆದ, ನಾನು ಚೇಳಿನಿಂದ ಹೊಡೆಯುತ್ತೇನೆ’ ಎಂದ ರೆಹಬ್ಬಾಮ. ಹತ್ತು ಕುಲಗಳು ಎದ್ದು ಹೋದವು. ರಾಜ್ಯ ಎರಡು ಹೋಳಾಯಿತು. ಕೊನೆಗೆ ಒಂದು ಗುಟ್ಟು ಬಿಚ್ಚಿ: ಅವನಿಗೆ ಆಗ 41 ವರ್ಷ. ಅಂದರೆ ಜೊತೆಯಲ್ಲಿ ಬೆಳೆದ ಆ ಗೆಳೆಯರೂ ಅದೇ ವಯಸ್ಸಿನವರು. ನನ್ನ ತರಗತಿ ಇಲ್ಲಿ ಯಾವಾಗಲೂ ಹೋ ಎಂದು ನಗುತ್ತದೆ. ವಯಸ್ಸಾದ ಮಾತ್ರಕ್ಕೆ ಬುದ್ಧಿ ಬರುವುದಿಲ್ಲ ಎಂದು ನಾವು ಹೇಳಬೇಕಾಗೇ ಇಲ್ಲ.

ಮೋಶೆಯನ್ನು ನೀವು ಮುಗಿಸಿದ್ದೀರಿ, ಆದರೂ ಒಂದು ಸಣ್ಣ ದೃಶ್ಯಕ್ಕೆ ವಾಪಸ್ ಹೋಗಿ. ಕೆಂಪು ಸಮುದ್ರ ಸೀಳಿದ್ದು ಬೇಡ. ವಿಮೋಚನಕಾಂಡದ 18ನೇ ಅಧ್ಯಾಯ. ಮಾವ ಇತ್ರೋ ಅಳಿಯನನ್ನು ನೋಡಲು ಬಂದಿದ್ದಾನೆ. ಮೋಶೆ ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬನೇ ಕೂತು ಇಡೀ ಜನರ ವ್ಯಾಜ್ಯ ತೀರಿಸುತ್ತಿದ್ದಾನೆ. ಜನ ಸಾಲಿನಲ್ಲಿ ನಿಂತು ನಿಂತು ಸಾಕಾಗಿದ್ದಾರೆ. ಮಾವ ಹೊಗಳುವುದಿಲ್ಲ. ‘ನೀನು ಮಾಡುತ್ತಿರುವುದು ಸರಿಯಿಲ್ಲ, ನೀನೂ ಸೋತು ಹೋಗುತ್ತೀ, ಜನರೂ ಸೋತು ಹೋಗುತ್ತಾರೆ’ ಎನ್ನುತ್ತಾನೆ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬ ಮುಖ್ಯಸ್ಥನನ್ನು ನೇಮಿಸು, ದೊಡ್ಡ ವಿಷಯ ಮಾತ್ರ ನಿನಗೆ ಬರಲಿ ಎಂದು ಹೇಳಿ ತನ್ನ ಊರಿಗೆ ಹೊರಡುತ್ತಾನೆ. ಎಲ್ಲ ಕೆಲಸ ತಾನೇ ಮಾಡುವ ಜಾಣ ವಿದ್ಯಾರ್ಥಿ ಪ್ರತಿ ತರಗತಿಯಲ್ಲೂ ಒಬ್ಬಳಿರುತ್ತಾಳೆ. ಪ್ರಾಜೆಕ್ಟ್ ತಾನೇ ಬರೆದು, ತಾನೇ ಅಂಟಿಸಿ, ಆಮೇಲೆ ಯಾರೂ ಕೈ ಹಾಕಲಿಲ್ಲ ಎಂದು ಅಳುವವಳು. ಅವಳಿಗೆ ಈ ಕಥೆ ಬೇಕು. ಟೀಚರ್‌ಗಳಿಗೂ ಬೇಕು, ಬಿಡಿ.

ನೆಹೆಮೀಯನನ್ನು ದಯವಿಟ್ಟು ‘ಗೋಡೆ ಕಟ್ಟಿದ ವೀರ’ ಎಂದು ಮುಗಿಸಬೇಡಿ. ಅವನು ಪರ್ಷಿಯಾದ ಅರಸ ಅರ್ತಷಸ್ತನಿಗೆ ದ್ರಾಕ್ಷಾರಸ ಕೊಡುವ ಸೇವಕ. ಸೈನಿಕನೂ ಅಲ್ಲ, ಇಂಜಿನಿಯರೂ ಅಲ್ಲ. ಜೆರುಸಲೇಮಿನ ಗೋಡೆ ಬಿದ್ದಿದೆ ಎಂದು ಕೇಳಿ, ರಜೆ ಪಡೆದು, ಅಲ್ಲಿಗೆ ಹೋಗಿ, ಮೂರು ದಿನ ಯಾರಿಗೂ ಏನೂ ಹೇಳುವುದಿಲ್ಲ. ಆಮೇಲೆ ರಾತ್ರಿ ಎದ್ದು, ಕೆಲವೇ ಜನರನ್ನು ಕರೆದುಕೊಂಡು, ಒಂದೇ ಒಂದು ಸವಾರಿ ಪ್ರಾಣಿಯ ಮೇಲೆ ಗೋಡೆ ಸುತ್ತ ನೋಡಿಕೊಂಡು ಬರುತ್ತಾನೆ. ಒಂದು ಕಡೆ ಕಲ್ಲುಮಣ್ಣಿನ ರಾಶಿಯಲ್ಲಿ ಪ್ರಾಣಿಗೂ ದಾರಿ ಸಿಗುವುದಿಲ್ಲ. ಈ ರಾತ್ರಿಯೇ ಒಂದು ಪಿರಿಯಡ್‌ಗೆ ಸಾಕು. ನಾನು ಮಕ್ಕಳಿಗೆ ಕೊಡುವ ಕೆಲಸ ಇಷ್ಟೇ: ಶಾಲೆಯಲ್ಲಿ ಏನೋ ಸರಿಯಿಲ್ಲ ಎಂದು ನಿಮಗೆ ಅನಿಸುತ್ತದಲ್ಲ, ಅದರ ಬಗ್ಗೆ ಒಂದು ವಾರ ದೂರಬೇಡಿ, ಸುಮ್ನೆ ಸುತ್ತಿ ನೋಡಿ ಬರೆದುಕೊಂಡು ಬನ್ನಿ. ‘ನೀರಿನ ನಲ್ಲಿ ಹತ್ತಿರ ತಳ್ಳಾಟ ಜಾಸ್ತಿ’ ಎಂದು ಹೋದವರು, ‘ನಾಲ್ಕು ನಲ್ಲಿಯಲ್ಲಿ ಎರಡು ತಿರುಗುವುದೇ ಇಲ್ಲ’ ಎಂದು ಬರುತ್ತಾರೆ.

ಅವನ ಪುಸ್ತಕದ 3ನೇ ಅಧ್ಯಾಯ ಓದುವಾಗ ಮೊದಲಿಗೆ ಬೇಜಾರಾಗುತ್ತದೆ, ಬರೀ ಹೆಸರುಗಳು. ಆದರೆ ನಿಧಾನವಾಗಿ ನೋಡಿ. ಅಕ್ಕಸಾಲಿಗರು ಗೋಡೆ ಕಟ್ಟುತ್ತಿದ್ದಾರೆ. ಸುಗಂಧ ಮಾಡುವವರು ಕಟ್ಟುತ್ತಿದ್ದಾರೆ. ಒಬ್ಬ ಅಧಿಕಾರಿಯ ಹೆಣ್ಣುಮಕ್ಕಳು ಕಟ್ಟುತ್ತಿದ್ದಾರೆ. ಎಷ್ಟೋ ಜನ ತಮ್ಮ ಮನೆಯ ಎದುರಿನ ತುಂಡನ್ನೇ ಕಟ್ಟುತ್ತಿದ್ದಾರೆ. ತೆಕೋವದ ದೊಡ್ಡವರು ಮಾತ್ರ ಹೆಗಲು ಕೊಡಲಿಲ್ಲ ಎಂದು ಅದನ್ನೂ ಬರೆದಿಟ್ಟಿದ್ದಾರೆ! ಗೋಡೆ 52 ದಿನದಲ್ಲಿ ಮುಗಿಯಿತು. ಅದಕ್ಕಿಂತ ನನಗೆ ಮುಖ್ಯ ಅನಿಸುವುದು ನಡುವೆ ಬರುವ ಸಾಲದ ಜಗಳ. ಬಡವರು ಹೊಲ ಅಡವಿಟ್ಟು, ಮಕ್ಕಳನ್ನು ಜೀತಕ್ಕೆ ಬಿಟ್ಟು ಕೂಗಾಡುತ್ತಾರೆ. ನೆಹೆಮೀಯ ಸಿರಿವಂತರನ್ನು ಬೈಯುತ್ತಾನೆ. ಬೈಯುವಾಗಲೇ, ‘ನಾನೂ ನನ್ನವರೂ ಸಾಲ ಕೊಟ್ಟಿದ್ದೇವೆ, ಬಿಟ್ಟುಬಿಡೋಣ’ ಎಂದು ತನ್ನನ್ನೂ ಸೇರಿಸಿಕೊಳ್ಳುತ್ತಾನೆ. ಹನ್ನೆರಡು ವರ್ಷ ಅಲ್ಲಿನ ಅಧಿಪತಿಯಾಗಿದ್ದರೂ ಅದಕ್ಕೆ ಸಲ್ಲಬೇಕಾದ ಊಟದ ಭತ್ಯೆ ತೆಗೆದುಕೊಳ್ಳಲಿಲ್ಲ. ಹಾಗಂತ ಅವನೂ ಸಂತನಲ್ಲ. ಕೊನೆಯ ಅಧ್ಯಾಯದಲ್ಲಿ ಬೇರೆ ಜನಾಂಗದಲ್ಲಿ ಮದುವೆಯಾದವರನ್ನು ಹೊಡೆದು, ಕೂದಲು ಕೀಳುತ್ತಾನೆ. ಒಂಬತ್ತನೆಯವರು ಅದನ್ನು ಓದಿ ಪ್ರಶ್ನೆ ಕೇಳಿದರೆ, ಕೇಳಲಿ.

ಇನ್ನು ದಾವೀದ. ಗೊಲ್ಯಾತನ ಕಥೆ ಎಲ್ಲರಿಗೂ ಗೊತ್ತಿರುವುದೇ ತೊಂದರೆ. ಪುಟ್ಟ ದುರ್ಬಲ ಹುಡುಗ, ದೊಡ್ಡ ದೈತ್ಯ, ನಂಬಿಕೆ ಇದ್ದರೆ ಗೆಲುವು. ಮಗು ಇದನ್ನು ನಂಬಿಕೊಂಡು ಪರೀಕ್ಷೆಗೆ ಓದದೇ ಹೋದರೆ ತಪ್ಪು ಯಾರದ್ದು? ಕಥೆಯಲ್ಲಿ ಅವನು ಅಭ್ಯಾಸ ಇಲ್ಲದ ಹುಡುಗನಲ್ಲ. ಕುರಿ ಕಾಯುವಾಗ ಸಿಂಹ, ಕರಡಿಯನ್ನು ಎದುರಿಸಿದವನು. ಕವಣೆ ಆ ಕಾಲದ ಯುದ್ಧದಲ್ಲಿ ಬಳಸುತ್ತಿದ್ದ ನಿಜವಾದ ಆಯುಧ. ನಾಯಕತ್ವಕ್ಕೆ ಬೇಕಾದ ಗಳಿಗೆ ಕಲ್ಲು ಬೀಸಿದ್ದಲ್ಲ. ಅದಕ್ಕೂ ಮೊದಲು ಅರಸ ಸೌಲ ತನ್ನ ಕವಚ ತೊಡಿಸಿದಾಗ, ನಾಲ್ಕು ಹೆಜ್ಜೆ ಹಾಕಿ ನೋಡಿ, ‘ಇದು ನನಗೆ ರೂಢಿಯಿಲ್ಲ’ ಎಂದು ಬಿಚ್ಚಿಟ್ಟದ್ದು. ಅರಸನ ಮುಂದೆ ಹಾಗೆ ಹೇಳುವುದು ಸುಲಭವಲ್ಲ.

ಇನ್ನೂ ಒಳ್ಳೆಯದು ಬೈಬಲ್‌ನ ‘1 ಸಮುವೇಲ’ ಎಂಬ ಪುಸ್ತಕದ 30ನೇ ಅಧ್ಯಾಯ. ದಾವೀದನ ಆರುನೂರು ಜನ ಶತ್ರುಗಳ ಬೆನ್ನು ಹತ್ತಿದ್ದಾರೆ. ಬೆಸೋರ್ ಹಳ್ಳದ ಹತ್ತಿರ ಇನ್ನೂರು ಜನ ಸುಸ್ತಾಗಿ ಕೂತುಬಿಡುತ್ತಾರೆ. ನಾನೂರು ಜನ ಹೋಗಿ ಗೆದ್ದು ಬರುತ್ತಾರೆ. ಬಂದವರಲ್ಲಿ ಕೆಲವರು, ‘ಜೊತೆಗೆ ಬರದವರಿಗೆ ನಮ್ಮ ಪಾಲು ಯಾಕೆ?’ ಎನ್ನುತ್ತಾರೆ. ಇಲ್ಲಿ ನಿಲ್ಲಿಸಿ ಮತ ಹಾಕಿಸಿ. ನಾನು ಮಾಡಿದ ಕಡೆಯೆಲ್ಲ ತರಗತಿ ಎರಡು ಪಾಲಾಗಿದೆ. ಕೆಲಸ ಮಾಡದವನಿಗೂ ಅಷ್ಟೇ ಮಾರ್ಕ್ಸ್ ಕೊಡುವ ಗ್ರೂಪ್ ಪ್ರಾಜೆಕ್ಟ್ ನೆನಪಾಗಿ ಜಗಳ ಬಿಸಿಯಾಗುತ್ತದೆ. ದಾವೀದ ಏನು ಹೇಳಿದ? ಯುದ್ಧಕ್ಕೆ ಹೋದವನಿಗೂ ಸಾಮಾನು ಕಾಯ್ದವನಿಗೂ ಸಮಪಾಲು ಎಂದ. ಇದು ನ್ಯಾಯವಾ ಎಂದು ನೀವು ತೀರ್ಪು ಕೊಡಬೇಡಿ. ಸುಸ್ತಾದವನೂ ಸೋಮಾರಿಯೂ ಒಂದೇನಾ ಎಂದು ಮಾತ್ರ ಕೇಳಿ.

ಈಗ ಆ ಹುಡುಗಿಯ ಪ್ರಶ್ನೆ. ಅವಳು ಕೇಳಿದ್ದು ಪಾಠದ ಹೊರಗಿನದ್ದಲ್ಲ. ದಾವೀದನ ವಿಷಯದಲ್ಲಿ ನಾಯಕತ್ವದ ನಿಜವಾದ ಪಾಠ ಅದೇ. ಅರಸನಾದ ಮೇಲೆ ದಾವೀದ ಬತ್ಷೆಬೆಯನ್ನು ಕರೆಸಿಕೊಂಡು, ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ಹಾಕಿಸಿ ಕೊಲ್ಲಿಸಿದ್ದಾನೆ. ಆಸ್ಥಾನದಲ್ಲಿ ಗೊತ್ತಿದ್ದವರು ಸುಮ್ಮನಿದ್ದಾರೆ. ಪ್ರವಾದಿ ನಾತಾನ ಬಂದು ಬೈಯುವುದಿಲ್ಲ, ಒಂದು ಕಥೆ ಹೇಳುತ್ತಾನೆ. ಒಬ್ಬ ಬಡವನಿಗೆ ಒಂದೇ ಒಂದು ಹೆಣ್ಣು ಕುರಿಮರಿ, ಅವನ ತಟ್ಟೆಯಲ್ಲಿ ತಿಂದು, ಮಡಿಲಲ್ಲಿ ಮಲಗುತ್ತಿತ್ತು. ಪಕ್ಕದ ಸಿರಿವಂತ ತನ್ನ ಮಂದೆ ಬಿಟ್ಟು ಅದನ್ನೇ ಕಿತ್ತುಕೊಂಡು ಅತಿಥಿಗೆ ಅಡುಗೆ ಮಾಡಿಸಿದ. ದಾವೀದ ಕೆಂಡವಾಗಿ, ‘ಅವನು ಸಾಯಬೇಕು’ ಎನ್ನುತ್ತಾನೆ. ‘ನೀನೇ ಆ ಮನುಷ್ಯ’ ಎನ್ನುತ್ತಾನೆ ನಾತಾನ.

ಇಲ್ಲಿ ನಿಲ್ಲಿಸಿ. ಅರಸ ಏನೆಲ್ಲ ಮಾಡಬಹುದಿತ್ತು? ನಾತಾನನ ತಲೆ ತೆಗೆಸಬಹುದಿತ್ತು, ನಗಬಹುದಿತ್ತು, ಬತ್ಷೆಬೆಯ ಮೇಲೆ ತಪ್ಪು ಹೊರಿಸಬಹುದಿತ್ತು. ‘ನಾನು ತಪ್ಪು ಮಾಡಿದೆ’ ಎಂದ. ಆದರೆ ಅಷ್ಟಕ್ಕೆ ಕಥೆ ಸುಖವಾಗಿ ಮುಗಿಯುವುದಿಲ್ಲ ಎಂಬುದನ್ನೂ ಹೇಳಿ. ಊರೀಯ ಎದ್ದು ಬರುವುದಿಲ್ಲ. ಮನೆಯೊಳಗೆ ಹಿಂಸೆ ಹಬ್ಬುತ್ತದೆ, ಮಗ ಅಬ್ಷಾಲೋಮನೇ ದಂಗೆ ಏಳುತ್ತಾನೆ. ಬತ್ಷೆಬೆಯನ್ನು ಕರೆಸಿದ್ದು ಅರಸ, ಅವಳಿಗೆ ಬೇಡ ಎನ್ನುವ ದಾರಿ ಇರಲಿಲ್ಲ ಎಂಬುದು ಒಂಬತ್ತನೇ ತರಗತಿಯ ಹುಡುಗಿಯರಿಗೆ ನಮಗಿಂತ ಬೇಗ ಹೊಳೆಯುತ್ತದೆ. ‘ಅವಳು ಮೋಹಿಸಿದಳು’ ಎಂಬ ಹಳೆ ಮಾತನ್ನು ನಿಮ್ಮ ಬಾಯಿಂದ ಬರಲು ಬಿಡಬೇಡಿ, ಮೂಲದಲ್ಲಿ ಅದಿಲ್ಲ.

ಹೆಣ್ಣುಮಕ್ಕಳ ಮಾತು ಬಂತು ಅಂತ ಹೇಳುತ್ತೇನೆ, ನಿಮ್ಮ ಹನ್ನೆರಡರಲ್ಲಿ ಒಬ್ಬಳೂ ಹೆಣ್ಣಿಲ್ಲ. ಖರ್ಜೂರದ ಮರದ ಕೆಳಗೆ ಕೂತು ಇಡೀ ಜನಕ್ಕೆ ನ್ಯಾಯ ಹೇಳುತ್ತಿದ್ದ ದೆಬೋರಳಿದ್ದಾಳೆ. ಸೇನಾಪತಿ ಬಾರಾಕ ‘ನೀನು ಬಂದರೆ ಮಾತ್ರ ಯುದ್ಧಕ್ಕೆ ಹೋಗುತ್ತೇನೆ’ ಎಂದದ್ದು ಅವಳಿಗೇ. ಅಬೀಗೈಲಳಿದ್ದಾಳೆ. ಅವಳ ಗಂಡ ಮಾಡಿದ ಅವಮಾನಕ್ಕೆ ದಾವೀದ ನಾನೂರು ಜನರೊಂದಿಗೆ ಕತ್ತಿ ಕಟ್ಟಿಕೊಂಡು ಬರುತ್ತಿರುತ್ತಾನೆ. ಅವಳು ಕತ್ತೆಗಳ ಮೇಲೆ ಊಟ ಹೇರಿಕೊಂಡು ದಾರಿಯಲ್ಲೇ ಎದುರಾಗಿ, ಮಾತಿನಲ್ಲೇ ಅವನನ್ನು ತಿರುಗಿಸುತ್ತಾಳೆ. ಅಬ್ರಹಾಮ, ಸಮುವೇಲರನ್ನು ಈ ವರ್ಷಕ್ಕೆ ಬಿಟ್ಟು ಇವರಿಬ್ಬರನ್ನು ತೆಗೆದುಕೊಳ್ಳಿ.

ತರಗತಿಯ ನಾಯಕರ ಚುನಾವಣೆ ಹತ್ತಿರವಿದ್ದರೆ ಬೈಬಲ್‌ನಲ್ಲಿ ಯೋತಾಮ ಎಂಬವನು ಹೇಳುವ ಮರಗಳ ಕಥೆ ಬಿಡಬೇಡಿ. ಮರಗಳು ಅರಸನನ್ನು ಹುಡುಕುತ್ತವೆ. ಆಲಿವ್ ಮರ ಎಣ್ಣೆ ಬಿಟ್ಟು ಬರುವುದಿಲ್ಲ, ಅಂಜೂರ ಸಿಹಿ ಬಿಟ್ಟು ಬರುವುದಿಲ್ಲ, ದ್ರಾಕ್ಷಿ ರಸ ಬಿಟ್ಟು ಬರುವುದಿಲ್ಲ. ಕೊನೆಗೆ ಮುಳ್ಳಿನ ಗಿಡವನ್ನು ಕೇಳಿದರೆ, ‘ಬನ್ನಿ, ನನ್ನ ನೆರಳಿನಲ್ಲಿ ಕೂತ್ಕೊಳ್ಳಿ’ ಎನ್ನುತ್ತದೆ. ಮುಳ್ಳುಗಿಡಕ್ಕೆ ನೆರಳೆಲ್ಲಿ! ಒಳ್ಳೆಯವರೆಲ್ಲ ‘ನನಗೆ ಬೇಡಪ್ಪಾ’ ಎಂದರೆ ಏನಾಗುತ್ತದೆ ಎಂದು ಕೇಳಿ.

ಹೊಸ ಒಡಂಬಡಿಕೆಯಿಂದ ಒಂದೇ ಹೇಳುತ್ತೇನೆ. ಅಪೊಸ್ತಲರ ಕೃತ್ಯಗಳು, 6ನೇ ಅಧ್ಯಾಯ. ಯೇಸುವಿನ ಮೊದಲ ಶಿಷ್ಯರ ಗುಂಪಿನಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ದೂರು ಬರುತ್ತದೆ. ಮುಖಂಡರು ದೂರಿದವರನ್ನು ಗದರುವುದಿಲ್ಲ. ಏಳು ಜನರನ್ನು ಆರಿಸಿ ಹಂಚುವ ಕೆಲಸ ಒಪ್ಪಿಸುತ್ತಾರೆ. ಸ್ತೆಫನ, ಫಿಲಿಪ್ಪ, ನಿಕನೋರ, ತಿಮೋನ ಮುಂತಾಗಿ ಏಳೂ ಗ್ರೀಕ್ ಹೆಸರುಗಳು. ಅಂದರೆ ದೂರಿದವರ ಕಡೆಯವರಿಗೇ ಸೌಟು ಕೊಟ್ಟ ಹಾಗೆ ಕಾಣುತ್ತದೆ. ಇದನ್ನು ಮಕ್ಕಳೇ ಹೆಸರು ನೋಡಿ ಕಂಡುಹಿಡಿಯಲಿ.

ಇನ್ನು ಆ ತಂದೆ. ಅವರ ಪ್ರಶ್ನೆ ತಪ್ಪಲ್ಲ, ಸಿಟ್ಟಾಗಬೇಡಿ. ಪಾಠಕ್ಕೂ ಪ್ರಚಾರಕ್ಕೂ ಗೆರೆ ಇದೆ. ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲಿ ಒಂದು ತೀರ್ಪು ಕೊಟ್ಟಿತು. ಸರ್ಕಾರಿ ಶಾಲೆ ತಾನೇ ನಿಂತು ಭಕ್ತಿಯಿಂದ ಬೈಬಲ್ ಓದಿಸುವುದು ಸಂವಿಧಾನಕ್ಕೆ ವಿರುದ್ಧ, ಆದರೆ ಅದನ್ನು ಸಾಹಿತ್ಯವಾಗಿ, ಇತಿಹಾಸವಾಗಿ, ಪಕ್ಷಪಾತವಿಲ್ಲದೆ ಓದಿಸಬಹುದು ಎಂದಿತು. ಆ ಕಾನೂನು ನಿಮಗೆ ಅನ್ವಯಿಸಲಿ ಬಿಡಲಿ, ಗೆರೆ ಉಪಯೋಗಕ್ಕೆ ಬರುತ್ತದೆ. ನಿಮ್ಮ ಶಾಲೆಗೆ ಅನ್ವಯಿಸುವ ನಿಯಮವನ್ನು ಆಡಳಿತ ಮಂಡಳಿಯಿಂದ ಬರಹದಲ್ಲೇ ಕೇಳಿ ಪಡೆಯಿರಿ. ಬಾಯಿಮಾತಿಗೆ ನಂಬಿ ಕೆಟ್ಟವರನ್ನು ನೋಡಿದ್ದೇನೆ.

ನಿಮ್ಮ ಮುಂದೆ ಮೂರು ದಾರಿ ಇವೆ. ಈಗಿನ ಹಾಗೆ ಬೈಬಲ್ ಒಂದನ್ನೇ ತೆಗೆದುಕೊಂಡು, ಕಥೆಯಾಗಿ ಓದಿಸುವುದು ಒಂದು. ಇದರಲ್ಲಿ ಆಳ ಸಿಗುತ್ತದೆ. ಆದರೆ ಪಾಠದ ಕೊನೆಗೆ ಒಂದು ಪ್ರಾರ್ಥನೆ ಸೇರಿಸಿದ ದಿನ ಆ ತಂದೆಯ ಮಾತು ನಿಜವಾಗುತ್ತದೆ. ಬೇರೆ ಬೇರೆ ಪರಂಪರೆಯ ಕಥೆಗಳನ್ನು ಜೊತೆಗಿಟ್ಟು ಓದಿಸುವುದು ಇನ್ನೊಂದು. ನ್ಯಾಯವಾಗಿ ಕಾಣುತ್ತದೆ, ಆದರೆ ಹನ್ನೆರಡು ಪಿರಿಯಡ್‌ನಲ್ಲಿ ಎಲ್ಲವೂ ತೆಳ್ಳಗಾಗುತ್ತದೆ. ‘ಎಲ್ಲರೂ ಒಂದೇ ಹೇಳಿದ್ದಾರೆ’ ಎಂಬ ಸೋಮಾರಿ ಮಾತಿಗೆ ಬಂದು ನಿಲ್ಲುವ ಅಪಾಯವೂ ಇದೆ. ಇಷ್ಟವಿಲ್ಲದವರಿಗೆ ಬೇರೆ ಪಿರಿಯಡ್ ಕೊಡುವುದು ಮೂರನೆಯದು. ಕಾಗದದ ಮೇಲೆ ಸುಲಭ. ನಿಜದಲ್ಲಿ ಎದ್ದು ಹೊರಗೆ ಹೋಗುವ ಮೂರು ಮಕ್ಕಳನ್ನು ಉಳಿದವರೆಲ್ಲ ತಿರುಗಿ ನೋಡುತ್ತಾರೆ. ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲನೆಯದನ್ನು ಆರಿಸುತ್ತೇನೆ. ಉಳಿದ ಒಂಬತ್ತು ಪಾಠ, ಕೇಳುವ ಪ್ರಶ್ನೆಗಳು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಪೋಷಕರಿಗೆ ಮುಂಚೆಯೇ ಕಳಿಸುತ್ತೇನೆ. ಆ ತಂದೆಯನ್ನು ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂರಲು ಕರೆಯುತ್ತೇನೆ.

ಮಾತಿನಲ್ಲೂ ಎಚ್ಚರ ಬೇಕು. ‘ದೇವರು ನಿಮಗೆ ಹೀಗೆ ಹೇಳುತ್ತಾನೆ’ ಎನ್ನುವುದಕ್ಕೂ, ‘ಈ ಕಥೆಯಲ್ಲಿ ದೇವರು ಮೋಶೆಗೆ ಹೀಗೆ ಹೇಳುತ್ತಾನೆ’ ಎನ್ನುವುದಕ್ಕೂ ತುಂಬಾ ದೂರ. ನಂಬುವ ಮಗುವಿಗೆ ಎರಡನೆಯದರಿಂದ ನೋವಾಗುವುದಿಲ್ಲ, ನಂಬದ ಮಗುವಿಗೆ ಉಸಿರಾಡಲು ಜಾಗ ಸಿಗುತ್ತದೆ. ಯೆಹೂದಿ ಮಕ್ಕಳಿದ್ದರೆ ‘ಹಳೆ ಒಡಂಬಡಿಕೆ’ ಎಂಬುದು ಕ್ರೈಸ್ತರು ಇಟ್ಟ ಹೆಸರು ಎಂಬುದು ನೆನಪಿರಲಿ, ‘ಹೀಬ್ರೂ ಬೈಬಲ್’ ಎನ್ನಬಹುದು. ಮುಸ್ಲಿಂ ಮಕ್ಕಳಿಗೆ ಮೂಸಾ, ಯೂಸುಫ್, ದಾವೂದ್ ಗೊತ್ತಿರುವ ಹೆಸರುಗಳು. ಕುರ್‌ಆನ್‌ನ 12ನೇ ಅಧ್ಯಾಯ ಪೂರ್ತಿ ಯೂಸುಫರದ್ದೇ. ಆದರೆ ಅವರಿಗೆ ಇವರು ಪ್ರವಾದಿಗಳು, ದೊಡ್ಡ ಪಾಪ ಮಾಡುವವರಲ್ಲ. ಬತ್ಷೆಬೆಯ ಕಥೆಯನ್ನು ಆ ಮಕ್ಕಳು ಒಪ್ಪದೇ ಇರಬಹುದು. ‘ಬೈಬಲ್‌ನಲ್ಲಿ ಕಥೆ ಹೀಗಿದೆ, ನಿಮ್ಮಲ್ಲಿ ಬೇರೆ ಇದೆ’ ಎಂದು ಮೊದಲೇ ಹೇಳಿಬಿಡಿ. ಪ್ರವಾದಿಗಳ ವೇಷ ಹಾಕಿಸುವ ನಾಟಕವೂ ಬೇಡ, ಹಲವು ಮುಸ್ಲಿಂ ಮನೆಗಳಿಗೆ ಅದು ಒಪ್ಪಿಗೆಯಾಗುವುದಿಲ್ಲ.

ವಯಸ್ಸಿನ ವಿಷಯ ಚಿಕ್ಕದಾಗಿ. ಬತ್ಷೆಬೆಯ ಕಥೆ ಒಂಬತ್ತಕ್ಕೆ ಸರಿ. ಎಂಟನೆಯವರಿಗೆ ‘ಅಧಿಕಾರ ಬಳಸಿ ಒಬ್ಬನ ಸಂಸಾರ ಕಿತ್ತುಕೊಂಡ’ ಎಂಬಷ್ಟು ಸಾಕು. ಯೋಸೇಫ ಬರಗಾಲದಲ್ಲಿ ಧಾನ್ಯ ಕೊಟ್ಟು, ಬದಲಿಗೆ ಜನರ ಜಾನುವಾರು, ಜಮೀನು, ಕೊನೆಗೆ ಅವರನ್ನೇ ಈಜಿಪ್ಟಿನ ಅರಸ ಫರೋಹನ ಆಳುಗಳನ್ನಾಗಿ ಮಾಡಿಕೊಂಡ ಭಾಗವನ್ನು, ಆದಿಕಾಂಡದ 47ನೇ ಅಧ್ಯಾಯ, ದೊಡ್ಡವರಿಗೆ ಇಟ್ಟುಕೊಳ್ಳಿ. ಹಸಿವು ನೀಗಿಸಿದವನು ಅದರ ಬೆಲೆ ಎಷ್ಟು ಕೇಳಬಹುದು ಎಂಬುದರ ಮೇಲೆ ಒಳ್ಳೆಯ ಚರ್ಚೆ ಆಗುತ್ತದೆ. ಮುಂದೆ ಚಿಕ್ಕ ತರಗತಿಗಳೂ ನಿಮಗೆ ಬಂದರೆ ಶಿಕ್ಷೆಯ ಕಥೆಗಳನ್ನು ಕಡಿಮೆ ಮಾಡಿ. 2014ರಲ್ಲಿ ಕಾಂಗ್ ಲೀ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಜೊತೆಯವರು ಮೂರರಿಂದ ಏಳು ವರ್ಷದ ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಸುಳ್ಳು ಹೇಳಿ ಕೆಟ್ಟವರ ಕಥೆ ಕೇಳಿದ ಮಕ್ಕಳು ಜಾಸ್ತಿ ನಿಜ ಹೇಳಲಿಲ್ಲ. ನಿಜ ಹೇಳಿ ಮೆಚ್ಚುಗೆ ಪಡೆದವನ ಕಥೆ ಕೇಳಿದವರು ಹೇಳಿದರು.

ಮಾರ್ಕ್ಸ್ ಕೊಡಬೇಡಿ. ಕೊಡಲೇಬೇಕು ಎಂದರೆ ಮಗು ಕೇಳಿದ ಪ್ರಶ್ನೆಗೆ ಕೊಡಿ.

ಮುಂದಿನ ಪಿರಿಯಡ್‌ನಲ್ಲಿ ಗಿದ್ಯೋನ, ಯೆಹೋಶುವ ಯಾರನ್ನೂ ತೆಗೆಯಬೇಡಿ. ಒಳಗೆ ಹೋದ ಕೂಡಲೇ ಆ ಹುಡುಗಿಯ ಪ್ರಶ್ನೆಯನ್ನು ಬೋರ್ಡ್ ಮೇಲೆ ಅವಳ ಮಾತಿನಲ್ಲೇ ಬರೆಯಿರಿ. ‘ಕಳೆದ ವಾರ ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಕೂರಿಸಿದೆ’ ಎಂದು ಹೇಳಿ. ಆಮೇಲೆ ನಾತಾನನ ಕುರಿಮರಿಯ ಕಥೆ ಶುರುಮಾಡಿ. ‘ಅವನು ಸಾಯಬೇಕು’ ಎಂಬಲ್ಲಿಗೆ ಬಂದಾಗ ಪುಸ್ತಕವನ್ನು ಅವಳ ಕೈಗೆ ಕೊಡಿ. ಮುಂದಿನ ಸಾಲನ್ನು ಅವಳೇ ಓದಲಿ.